ಖಂಡೆ ಇಲ್ಲದ ಖಂಡೇ ಪೂಜೆ

ಬರೆಯದೆ ಬಹಳ ದಿನ ಆಯ್ತು. ಪ್ರಾಜೆಕ್ಟ್ ರಿಲೀಸು, ಆಮೇಲೆ ಆ ರಿಲೀಸಿನಲ್ಲಿ ನಾವೇ ಬಿಟ್ಟ ಬಗ್ಗುಗಳು, ಆಮೇಲೆ ಬರೀ ಸೋಮಾರಿತನ.. ಕಾರಣ ಹುಡುಕಿದರೆ ಎಷ್ಟು ಬೇಕಾದರೂ ಸಿಗ್ತವೆ. ಇವತ್ತು ಮಾತ್ರ ಬರೆಯಲೇಬೇಕು ಅನ್ನಿಸಿ ಕೂತಿದ್ದೇನೆ. ವಿಷಯ ಒಂದು ಚಾಕು. ನಗಬೇಡಿ :-)

ಹೋದ ತಿಂಗಳು ಆಫೀಸಿನ ಕೆಲಸಕ್ಕೆ ಪುಣೆಗೆ ಹೊರಟಿದ್ದೆ. ವಿಮಾನ ನಿಲ್ದಾಣದಲ್ಲಿ ಭದ್ರತಾ ತಪಾಸಣೆಯವರು ನನ್ನ ಲ್ಯಾಪ್‌ಟಾಪ್ ಚೀಲವನ್ನು ಪಕ್ಕಕ್ಕೆ ಎಳೆದರು. ಚಾರ್ಜರ್ ಇರಬೇಕು ಅಂದುಕೊಂಡೆ. ಆತ ಪಕ್ಕದ ಜೇಬಿಗೆ ಕೈ ಹಾಕಿ ತೆಗೆದದ್ದು ಅಜ್ಜನ ಮಡಚು ಚಾಕು. ಅದರ ಹಿಂದಿನ ವಾರ ಊರಿಂದ ಬರುವಾಗ ಬಸ್ಸಿನಲ್ಲಿ ಸೌತಿಕಾಯಿ ಹೆಚ್ಚಿಕೊಂಡು ಅಲ್ಲೇ ತುರುಕಿದ್ದೆ, ಮರೆತೇಬಿಟ್ಟಿದ್ದೆ. ಆತ ಗದರಲಿಲ್ಲ, ಏನಿಲ್ಲ. ಹಿಂದಕ್ಕೆ ಹೋಗಿ ಲಗೇಜಿನಲ್ಲಿ ಹಾಕಿಸಿ ಬನ್ನಿ, ಇಲ್ಲ ಈ ಡಬ್ಬದಲ್ಲಿ ಬಿಟ್ಟು ಹೋಗಿ ಅಂದ. ಗೇಟು ಮುಚ್ಚಲು ಇಪ್ಪತ್ತು ನಿಮಿಷ ಇತ್ತು. ಬಿಟ್ಟೆ. ಪಾರದರ್ಶಕ ಡಬ್ಬ ಅದು. ಒಳಗೆ ಕತ್ತರಿಗಳು, ಲೈಟರುಗಳು, ಯಾರದೋ ಸ್ಕ್ರೂಡ್ರೈವರು. ಅವುಗಳ ನಡುವೆ ಕೋಣದ ಕೊಂಬಿನ ಹಿಡಿಕೆಯ ಆ ಚಾಕು ಹೋಗಿ ಬಿದ್ದ ಸಪ್ಪಳ ಈಗಲೂ ಕಿವಿಯಲ್ಲಿದೆ. ಬೂಟು ಕಟ್ಟಿಕೊಳ್ಳುತ್ತಾ ಒಮ್ಮೆ ತಿರುಗಿ ನೋಡಿದೆ. ಅಷ್ಟರಲ್ಲಿ ಅದರ ಮೇಲೆ ಇನ್ಯಾರದೋ ಕತ್ತರಿ ಬಿದ್ದಿತ್ತು.

ತಪ್ಪು ನೂರಕ್ಕೆ ನೂರು ನನ್ನದೇ. ವಿಮಾನದಲ್ಲಿ ಚಾಕು ಬೇಡ ಅನ್ನೋದು ಸರಿಯಾದ ನಿಯಮ. ಅದರ ಬಗ್ಗೆ ತಕರಾರಿಲ್ಲ. ಆದರೂ..

ನನ್ನ ಕೈ ತಪ್ಪಿ ಹೋದ ಮೂರನೆಯ ಚಾಕು ಇದು. ಮೊದಲನೆಯದು ಗದಗಿನ ತೋಂಟದಾರ್ಯ ಮಠದ ಜಾತ್ರೆಯಲ್ಲಿ ತಗೊಂಡ ಮೀನಿನ ಆಕಾರದ್ದು, ಬೀಗದ ಕೈ ಸಿಕ್ಕಿಸೋ ಥರದ್ದು. ಅದನ್ನು ಬೆಟಗೇರಿಯಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ಗಟಾರದಲ್ಲಿ ಕಳಕೊಂಡು ಎರಡು ದಿನ ಕಡ್ಡಿ ಹಿಡಿದು ಕೆದಕಿದ್ದೆ. ಎರಡನೆಯದು ಮೊದಲ ಸಂಬಳದಲ್ಲಿ ಕೊಂಡ ಕೆಂಪು ಸ್ವಿಸ್ ಚಾಕು. ಒಂದು ತಿಂಗಳ ಕೊನೆಯಲ್ಲಿ ಕೈ ಖಾಲಿಯಾಗಿ ಇಂಟರ್ನೆಟ್ಟಿನಲ್ಲಿ ಒಂಬೈನೂರು ರೂಪಾಯಿಗೆ ಮಾರಿದೆ. ಕೊಂಡ ಹುಡುಗ ನನ್ನೆದುರಿಗೇ ಅದರ ಒಂದೊಂದು ಅಲಗನ್ನೂ ತೆರೆದು ಮುಚ್ಚಿ ನೋಡಿದ. ಆಗಲೇ ಹೊಟ್ಟೆ ಉರಿದಿತ್ತು. ಆ ದುಡ್ಡು ಯಾವುದಕ್ಕೆ ಖರ್ಚಾಯ್ತೋ ನೆನಪಿಲ್ಲ.

ಅಜ್ಜನದು ಬೇರೆ ಲೆಕ್ಕ. ಶಿರಹಟ್ಟಿಯ ಕಂಬಾರನೊಬ್ಬ ಮುರಿದ ಲಾರಿಯ ಕಮಾನು ಪಟ್ಟಿಯಿಂದ ಅಲಗು ಬಡಿದು ಮಾಡಿಕೊಟ್ಟಿದ್ದಂತೆ. ಕಬ್ಬು ಸಿಗಿಯೋದು, ಎತ್ತಿನ ಕಣ್ಣಿ ಕೊಯ್ಯೋದು, ಅಡಕಿ ಹೋಳು ಮಾಡೋದು, ಸೀತನಿ ಕಾಲಕ್ಕೆ ತೆನೆ ಕೊಯ್ಯೋದು, ಕಾಲಿಗೆ ಮುಳ್ಳು ಚುಚ್ಚಿದರೆ ಅದರ ತುದಿಯಿಂದಲೇ ತೆಗೆಯೋದು. ನಾನು ಇಂಜಿನಿಯರಿಂಗ್ ಓದೋಕೆ ಹುಬ್ಬಳ್ಳಿಗೆ ಹೊರಟ ದಿನ ಅಜ್ಜ ದುಡ್ಡಿನ ಜೊತೆ ಅದನ್ನೂ ಕೈಗಿಟ್ಟು, "ಹಣ್ಣು ಹೆಚ್ಕೊಂಡು ತಿನ್ನಾಕ ಬೇಕಾಕ್ಕತಿ, ಇರ್ಲಿ" ಅಂದಿದ್ದ. ಈಗ ಅಜ್ಜ ಇಲ್ಲ.

ಪುಣೆಯ ಹೋಟೆಲಿನಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜ ಹೇಳ್ತಿದ್ದ ಒಂದು ಕಥೆ ತಲೆಯಲ್ಲಿ ಸುತ್ತತೊಡಗಿತು. ಅಲ್ಲಿಂದ ಬಂದ ಮೇಲೆ ಅದರ ಬೆನ್ನು ಹತ್ತಿ ಓದಿದ್ದನ್ನೇ ಇಲ್ಲಿ ಬರೀತಿದ್ದೇನೆ. ಇತಿಹಾಸ ನನ್ನ ವಿಷಯ ಅಲ್ಲ, ಡಿಗ್ರಿ ಬೇರೆ. ಆದರೆ ಇದು ನಮ್ಮೂರ ಸುತ್ತಲಿನದೇ ಕಥೆ.

1857ರ ದಂಗೆ ಉತ್ತರದಲ್ಲಿ ಭುಗಿಲೆದ್ದಾಗ ಕಂಪನಿ ಸರ್ಕಾರ ಅದೇ ವರ್ಷ ಒಂದು ಕಾಯಿದೆ ತಂತು, 28ನೇ ಕಾಯಿದೆ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ನಿಃಶಸ್ತ್ರೀಕರಣ ಕಾಯಿದೆ ಅಂತಾರೆ. ಅನುಮತಿ ಇಲ್ಲದೆ ಆಯುಧ ಇಟ್ಟುಕೊಳ್ಳೋ ಹಾಗಿಲ್ಲ. ಇರೋದನ್ನು ತಂದು ತೋರಿಸಿ ದಾಖಲು ಮಾಡಿಸಬೇಕು. ಕಾಗದದ ಮೇಲೆ ಇದು ಬರೀ ನೋಂದಣಿ. ಆದರೆ ಆಗಿನ ಜನಕ್ಕೆ ಕತ್ತಿ, ಕಠಾರಿ, ಬಂದೂಕು ಅಂದರೆ ಏನು? ಬೇಡನಿಗೆ ಬೇಟೆ. ವಾಲೀಕಾರನಿಗೆ ಊರ ಕಾವಲು, ಆ ಕಾವಲಿಗೆ ಪ್ರತಿಯಾಗಿ ಸಿಕ್ಕ ಇನಾಮು ಹೊಲ. ದೇಸಾಯಿಗೆ ದೇಸಗತಿಯ ಗುರುತು. ನಮ್ಮ ಕಡೆ ಯಾವ ಊರಿನ ಅಗಸಿಯಲ್ಲಿ ನಿಂತ ವೀರಗಲ್ಲನ್ನಾದರೂ ನೋಡಿ, ಸತ್ತವನ ಕೈಯಲ್ಲಿ, ಸೊಂಟದಲ್ಲಿ ಆಯುಧ ಇದ್ದೇ ಇರ್ತದೆ. ಅದನ್ನು ಒಯ್ದು ಸರ್ಕಾರದ ಗುಮಾಸ್ತನ ಮುಂದೆ ಇಡು, ಬರಕೊಂಡು ಕೊಡ್ತೀವಿ ಅಂದರೆ ಯಾರು ನಂಬಬೇಕು? ಬರಕೊಂಡ ಮೇಲೆ ಇಸಕೊಳ್ಳೋದು ಎಷ್ಟು ಸುಲಭ ಅಂತ ಅಕ್ಷರ ಬಾರದವನಿಗೂ ಗೊತ್ತಾಗ್ತದೆ.

ಹಲಗಲಿಯ ಬೇಡರು ನಂಬಲಿಲ್ಲ. ಊರು ಈಗಿನ ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನಲ್ಲಿದೆ. ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನ. ಸಂಸ್ಥಾನವಾದರೂ ಕಾಯಿದೆ ಅಲ್ಲಿಗೂ ಬಂತು. ಆಯುಧ ಕೊಡೋದಿಲ್ಲ ಅಂತ ಹೇಳಿ ಕೂತರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಮುಧೋಳದಲ್ಲಿ ಕೆಲವರನ್ನು, ಹಲಗಲಿಯಲ್ಲೇ ಉಳಿದವರನ್ನು.

ಇದರ ಲಾವಣಿಯನ್ನು ನೀವೂ ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿರಬಹುದು. ನಾನು ಮಾಡಿದ್ದು ಬರೀ ಅಂಕಕ್ಕಾಗಿ. ಈಗ ಮತ್ತೆ ಓದಿದಾಗ ಹೊಡೆದಾಟದ ಭಾಗಕ್ಕಿಂತ ಹೆಚ್ಚು ತಟ್ಟಿದ್ದು ಕೊನೆಯಲ್ಲಿ ಬರೋ ಲೂಟಿಯ ಪಟ್ಟಿ. ಕೊಡಲಿ, ಕಬ್ಬಿಣದಿಂದ ಹಿಡಿದು ಹಾಲು, ಬೆಣ್ಣೆ, ಉಪ್ಪು, ಅರಿಷಿಣ, ಬೆಲ್ಲ, ಮಂಗಳಸೂತ್ರ, ಬೀಸುಕಲ್ಲಿನವರೆಗೆ ಬರ್ತದೆ. ಆಯುಧ ತಗೊಳ್ಳೋಕೆ ಬಂದವರು ಬೀಸುಕಲ್ಲು ಯಾಕೆ ಒಯ್ದರು? ಲಾವಣಿಕಾರ ಆ ಪ್ರಶ್ನೆ ಕೇಳೋದಿಲ್ಲ, ಸುಮ್ಮನೆ ಎಣಿಸಿ ಹೇಳ್ತಾನೆ. ಇನ್ನೊಂದು ಸಂಗತಿ: ಹಾಡು ಮುಗಿಯೋದು ಕುರ್ತಕೋಟಿಯ ಕಲ್ಮೇಶನ ಹೆಸರಿನ ಮೇಲೆ. ಕುರ್ತಕೋಟಿ ನಮ್ಮ ಗದಗ ತಾಲೂಕಿನ ಊರು, ಕೀರ್ತಿನಾಥ ಕುರ್ತಕೋಟಿಯವರ ಮನೆತನದ ಹೆಸರಿನ ಊರು! ಬೆಟಗೇರಿಯಲ್ಲಿ ಇಷ್ಟು ವರ್ಷ ಇದ್ದೂ ನನಗೆ ಇದು ಹೊಳೆದಿರಲಿಲ್ಲ. ಶಾಸನಗಳ ಕೆಲಸಕ್ಕೆ ಹೆಸರಾದ ಜೆ.ಎಫ್. ಫ್ಲೀಟ್ ಇಂಥ ಕೆಲವು ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಊರು ಸುಟ್ಟದ್ದು ಅವನದೇ ಸರ್ಕಾರ, ಹಾಡು ಉಳಿಸಿದ್ದೂ ಅದೇ ಸರ್ಕಾರದ ಒಬ್ಬ ಅಧಿಕಾರಿ. ಏನನ್ನೋದು ಹೇಳಿ.

ಇನ್ನು ನಮ್ಮ ಕಡೆಗೆ ಬರೋಣ. ಆಗ ಈ ಭಾಗದ ನಕಾಶೆ ಹರಿದ ಕೌದಿ ಇದ್ದ ಹಾಗೆ. ಗದಗ, ಮುಂಡರಗಿ, ಡಂಬಳ ಕಂಪನಿಗೆ. ಲಕ್ಷ್ಮೇಶ್ವರ ಮಿರಜಿನ ಪಟವರ್ಧನರಿಗೆ. ಶಿರಹಟ್ಟಿ ಸಾಂಗ್ಲಿಯ ಪಟವರ್ಧನರಿಗೆ. ನರಗುಂದ ಭಾವೆ ಮನೆತನದ ಬಾಬಾಸಾಹೇಬನಿಗೆ. ಹೊಳೆ ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಸೀಮೆ, ಪೂರ್ವಕ್ಕೆ ಹೋದರೆ ಕೊಪ್ಪಳ, ಅದು ನಿಜಾಮನ ಸೀಮೆ. ಒಂದು ದಿನದಲ್ಲಿ ಎತ್ತಿನ ಗಾಡಿ ಮೂರು ರಾಜ್ಯ ನೋಡಬಹುದಿತ್ತು.

ಮುಂಡರಗಿಯ ಭೀಮರಾಯನ ಹೆಸರು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೆಸರು ಮಾತ್ರ, ಕಥೆ ಅಲ್ಲ. ಆತ ನಾಡಗೌಡಕಿ ಮನೆತನದವನು. ಕಂಪನಿ ಸರ್ಕಾರದಲ್ಲೇ ಬಳ್ಳಾರಿ ಕಡೆ ಅಧಿಕಾರಿಯಾಗಿ ದುಡಿದು, ಕೆಲಸ ಕಳಕೊಂಡು ಊರಿಗೆ ಬಂದವನು. ಅಂದರೆ ಸರ್ಕಾರದ ಕಾಗದ ಹೇಗೆ ನಡೀತದೆ ಅಂತ ಒಳಗಿಂದ ಬಲ್ಲವನು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡ ಅವನ ಜೊತೆಗಾರ. ಇಬ್ಬರೂ ಸೇರಿ ಆಯುಧ, ಮದ್ದುಗುಂಡು ಗುಟ್ಟಾಗಿ ಕೂಡಿಸಿ ಹಮ್ಮಿಗಿಯಲ್ಲಿ ಇಟ್ಟಿದ್ದರು. 1858ರ ಮೇ ತಿಂಗಳಲ್ಲಿ ಅದು ಸರ್ಕಾರಿ ಅಧಿಕಾರಿಗಳಿಗೆ ಗೊತ್ತಾಗಿ, ಎಲ್ಲ ಜಪ್ತಿ ಮಾಡಿ, ಕಾವಲು ಹಾಕಿದರು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ ದಂಗೆ ಶುರುವಾದದ್ದೇ ಆ ಜಪ್ತಿಯಿಂದ. ಭೀಮರಾಯ ಇನ್ನೂ ಕಾಯೋ ಲೆಕ್ಕದಲ್ಲಿ ಇದ್ದಿರಬಹುದು. ಸುತ್ತಲಿನ ಸಂಸ್ಥಾನಿಕರು ಒಟ್ಟಿಗೆ ಏಳಬೇಕಿತ್ತು ಅನ್ನೋ ಮಾತಿದೆ. ಆದರೆ ಕೂಡಿಸಿದ್ದೆಲ್ಲ ಕೈಬಿಟ್ಟು ಹೋಗ್ತಿದೆ ಅಂದಾಗ ಕಾಯೋಕೆ ಆಗಲಿಲ್ಲ. ಕಾವಲಿನ ಮೇಲೆ ಬಿದ್ದು, ಕಾವಲಿನವರನ್ನು ಕೊಂದು, ತನ್ನ ಆಯುಧ ತಾನು ತಗೊಂಡ. ಮೇ 24ಕ್ಕೆ ಡಂಬಳದ ಖಜಾನೆ ಲೂಟಿ. ಗದಗಿನ ಮೇಲೆ ದಾಳಿ. ಅಲ್ಲಿಂದ ಕೊಪ್ಪಳದ ಕೋಟೆ ಹಿಡಿದ. ಬಳ್ಳಾರಿ ಕಡೆಯಿಂದ ಮೇಜರ್ ಹ್ಯೂಸ್ ಸೈನ್ಯ ತಂದ. ಜೂನ್ 1ಕ್ಕೆ ಕೊಪ್ಪಳ ಬಿತ್ತು, ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಸತ್ತರು. ಡಂಬಳದಿಂದ ಸಾವಿನವರೆಗೆ ಎಣಿಸಿ ನೋಡಿ, ಹತ್ತು ದಿನವೂ ಇಲ್ಲ.

ನರಗುಂದದ ಕಥೆ ನಿಮಗೆ ಗೊತ್ತಿರೋದೇ. ದತ್ತಕಕ್ಕೆ ಒಪ್ಪಿಗೆ ಸಿಗದೆ ಉರೀತಿದ್ದ ಬಾಬಾಸಾಹೇಬ ಭೀಮರಾಯನ ಸುದ್ದಿ ಕೇಳಿ ಎದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನ ತಲೆ ಹೋಯ್ತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಅವನ ಹೆಂಡತಿ, ತಾಯಿ ಮಲಪ್ರಭೆಗೆ ಹಾರಿದರು ಅಂತಾರೆ.

ದಂಗೆ ಅಡಗಿದ ಮೇಲೆ ಏನಾಯ್ತು ಅನ್ನೋದನ್ನು ನಾವು ಕಡಿಮೆ ಓದ್ತೀವಿ. ಪಾಠ ಗಲ್ಲಿಗೆ ಮುಗೀತದೆ. ಆಮೇಲೆ ಮನೆಮನೆಯಿಂದ ಕಬ್ಬಿಣ ಹೊರಬಿತ್ತು. ಅವಧ್ ಒಂದರಲ್ಲೇ ಐದು ಲಕ್ಷಕ್ಕಿಂತ ಹೆಚ್ಚು ಖಡ್ಗ ವಶಪಡಿಸಿಕೊಂಡರು. ಐದು ಲಕ್ಷ! ಒಂದೊಂದಕ್ಕೂ ಒಬ್ಬ ಬಡಿದ ಕಂಬಾರ, ಒಬ್ಬ ಉಜ್ಜಿ ಇಟ್ಟ ಮುದುಕ, ಕದ್ದು ಮುಟ್ಟಿ ಬೈಸಿಕೊಂಡ ಒಬ್ಬ ಹುಡುಗ ಇರಬೇಕಲ್ಲ. 1878ರ ಆಯುಧ ಕಾಯಿದೆ ಬಂದ ಮೇಲೆ ಲೈಸೆನ್ಸು ಅನ್ನೋದು ಶಾಶ್ವತವಾಯ್ತು. ಅಹಿಂಸೆಯ ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ, ಇಡೀ ದೇಶದ ಆಯುಧ ಕಸಿದ ಕಾಯಿದೆಯನ್ನು ಬ್ರಿಟಿಷರ ಅತಿ ಕರಾಳ ತಪ್ಪುಗಳಲ್ಲಿ ಎಣಿಸಿದ್ದಾರೆ. ಕರ್ನಾಟಕದಲ್ಲಿ ಕಾಯಿದೆ ಸಡಿಲವಾಗಿದ್ದು ಕೊಡಗಿನಲ್ಲಿ. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇತ್ತು, ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿತು. ಹಾಗಾಗಿ ಅವರ ಪೀಚೆಕತ್ತಿ ಇವತ್ತಿಗೂ ಮದುವೆ ಮನೆಯಲ್ಲಿ ಸೊಂಟದಲ್ಲಿ ಹೊಳೀತದೆ. ಮೊನ್ನೆ ಟೀಮಿನ ಕೊಡಗಿನ ಗೆಳೆಯನ ಮದುವೆಯಲ್ಲಿ ಅದನ್ನು ನೋಡಿ, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯ್ತು.

ಇದು ನಮ್ಮದಷ್ಟೇ ಅಲ್ಲ ಅನ್ನಿ. ಜಪಾನಿನಲ್ಲಿ 1876ರಲ್ಲಿ ಖಡ್ಗ ಕಟ್ಟಿಕೊಂಡು ಓಡಾಡಬಾರದು ಅಂತ ಅವರ ಸರ್ಕಾರವೇ ಕಟ್ಟಳೆ ಮಾಡಿತು. ಕತ್ತಿ ಬಡಿಯೋರು ಅಡುಗೆ ಮನೆ ಚಾಕುಗಳಿಗೆ, ಹೊಲದ ಸಲಕರಣೆಗಳಿಗೆ ತಿರುಗಿದರು. ಮಿಕಿ ಅನ್ನೋ ಊರಿನಲ್ಲಿ 'ಹಿಗೊನೊಕಾಮಿ' ಅನ್ನೋ ಮಡಚು ಚಾಕು ಹುಟ್ಟಿತು. ಶಾಲೆ ಹುಡುಗರ ಜೇಬಿನಲ್ಲೆಲ್ಲ ಅದೇ, ಪೆನ್ಸಿಲ್ ಹೆರೆಯೋಕೆ. ಆಮೇಲೆ 1960ರಲ್ಲಿ ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೇ ಅಸನುಮಾ ಅನ್ನೋ ರಾಜಕಾರಣಿಯನ್ನು ಇರಿದು ಕೊಂದ. ಆಯುಧ ಬೇರೆಯದೇ ಆಗಿದ್ದರೂ ಮಕ್ಕಳ ಕೈಗೆ ಚಾಕು ಬೇಡ ಅನ್ನೋ ಚಳವಳಿ ಎದ್ದು ಹಿಗೊನೊಕಾಮಿಯ ಕಾಲ ಮುಗೀತು. ಇತ್ತ ಉತ್ತರ ಪ್ರದೇಶದ ರಾಂಪುರದಲ್ಲಿ ಹಳೇ ಹಿಂದಿ ಸಿನಿಮಾಗಳ ಖಳನ ಕೈಯ 'ರಾಂಪುರಿ' ಮಾಡೋ ಕುಶಲಿಗಳು ಕೆಲವೇ ಜನ ಉಳಿದರು. 2023ರಲ್ಲಿ ಆ ಊರ ಚೌಕದಲ್ಲಿ ಇಪ್ಪತ್ತು ಅಡಿ ಉದ್ದದ ಚಾಕುವಿನ ಪ್ರತಿಮೆ ನಿಲ್ಲಿಸಿದ್ದಾರೆ. ಜೇಬಿನಿಂದ ಹೋದದ್ದು ಚೌಕಕ್ಕೆ ಬಂತು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಮನೆಮನೆಗೂ ತಲವಾರು ಬೇಕು ಅನ್ನೋ ಪೈಕಿ ನಾನಲ್ಲ. ಬದುವಿನ ಜಗಳಕ್ಕೆ ಕೊಡಲಿ ಎತ್ತಿದವರನ್ನು ನಮ್ಮ ಕಡೆಯೂ ನೋಡಿದ್ದೀವಿ. ಈಗಿರೋ 1959ರ ಕಾಯಿದೆ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧ ಅಂತ ಎಣಿಸಿ, ಮನೆಗೆ, ಹೊಲಕ್ಕೆ ಬೇಕಾದ್ದನ್ನು ಹೊರಗಿಡ್ತದೆ. ನನಗದು ನ್ಯಾಯವಾಗೇ ಕಾಣ್ತದೆ. ನನ್ನ ಸಂಕಟ ಕಾಯಿದೆಯದಲ್ಲ. ಒಂದು ವಸ್ತು ಕೈಬಿಟ್ಟಾಗ ಅದರ ಜೊತೆಗೆ ಏನೇನು ಹೋಗ್ತದೆ ಅನ್ನೋದರದು. ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರು ಇದೆ. ಒಂದು ಕಾಲಕ್ಕೆ ಅಲ್ಲೇ ಸುತ್ತಮುತ್ತ ಇದ್ದಿಲು ಉರಿಸಿ ಅದನ್ನು ಕರಗಿಸ್ತಿದ್ದರು. ಇದ್ದಿಲು ದುಬಾರಿಯಾಯ್ತು, ವಿಲಾಯತಿಯ ಅಗ್ಗದ ಕಬ್ಬಿಣ ಬಂತು, ಆ ಕಸುಬು ನಿಂತಿತು. ಕತ್ತಿ ಮಾಡಿಸೋರು ಇಲ್ಲ, ಊರ ಕಬ್ಬಿಣವೂ ಇಲ್ಲ. ಕಂಬಾರನಿಗೆ ಉಳಿದದ್ದು ಕುಡಗೋಲು, ಕುಡ, ಗಾಡಿಯ ಹಳಿ. ಕೊನೆಗೆ ಲಾರಿಯ ಕಮಾನು ಪಟ್ಟಿ.

ಅಜ್ಜನ ಕಥೆಗೆ ಬರ್ತೀನಿ. ಆಯಿಯ ತವರು ಮುಂಡರಗಿ ಕಡೆ, ಅಜ್ಜನ ಊರು ಶಿರಹಟ್ಟಿ ತಾಲೂಕಿನಲ್ಲಿ. ಅಜ್ಜನ ಮುತ್ತಜ್ಜನ ಕಾಲಕ್ಕೆ ಮನೆಯಲ್ಲಿ ಎರಡು ಖಡ್ಗ ಇದ್ದವಂತೆ. "ಸಾಹೇಬ್ರು ಬರ್ತಾರ" ಅನ್ನೋ ಗುಲ್ಲು ಎದ್ದಾಗ ಔಡಲ ಎಣ್ಣೆ ಹಚ್ಚಿ, ಧೋತರದಲ್ಲಿ ಸುತ್ತಿ, ಹಗೇವಿನೊಳಗೆ ಜೋಳದ ಕೆಳಗೆ ಇಳಿಸಿದರು. (ಹಗೇವು ಅಂದರೆ ಕಾಳು ತುಂಬಿಡೋ ನೆಲದೊಳಗಿನ ಕಣಜ, ದಕ್ಷಿಣದ ಗೆಳೆಯರಿಗಾಗಿ ಹೇಳಿದೆ.) ವರ್ಷ ಕಳೀತು, ಹೆದರಿಕೆ ಕಳೀಲಿಲ್ಲ. ಎಷ್ಟೋ ಮಳೆಗಾಲದ ನಂತರ ತೆಗೆದು ನೋಡಿದರೆ ಹಗೇವಿಗೆ ನೀರು ಬಸಿದು ಅಲಗೆಲ್ಲ ಪುಡಿಪುಡಿ. ಉಳಿದದ್ದು ಎರಡು ಹಿತ್ತಾಳೆ ಹಿಡಿಕೆ. ಅವನ್ನು ಲಕ್ಷ್ಮೇಶ್ವರದ ಸಂತೆಗೆ ಒಯ್ದು, ಮೇಲೊಂದಿಷ್ಟು ರೊಕ್ಕ ಹಾಕಿ, ಒಂದು ಚರಗಿ ತಂದರು.

ಆ ಚರಗಿ ಈಗಲೂ ಇದೆ. ಮಗ್ಗುಲು ಸ್ವಲ್ಪ ತಗ್ಗಿದೆ.

ಚಿಕ್ಕಂದಿನಲ್ಲಿ ನನಗೊಂದು ಒಗಟಿತ್ತು. ಮಹಾನವಮಿಗೆ ನಮ್ಮ ಕಡೆ ಖಂಡೇ ಪೂಜೆ ಅಂತಾರೆ. ಖಂಡೆ ಅಂದರೆ ಖಡ್ಗ. ಆದರೆ ಪೂಜೆಗೆ ಇಡೋದು ಕುಡಗೋಲು, ಕೊಡಲಿ, ಈಳಗಿ, ಅಜ್ಜನ ಚಾಕು. ಈಚೆಗೆ ಅಪ್ಪನ ಬೈಕು, ನನ್ನ ಲ್ಯಾಪ್‌ಟಾಪು. ಅವುಗಳ ಸಾಲಿನಲ್ಲಿ ಈ ನೀರು ಕುಡಿಯೋ ಚರಗಿ ಯಾಕೆ? ಆಯಿ ಅದಕ್ಕೂ ವಿಭೂತಿ ಹಚ್ಚಿ, ಚೆಂಡು ಹೂ ಏರಿಸ್ತಿದ್ದಳು. ಕೇಳಿದರೆ "ಇಡೂ ಪದ್ಧತಿ ಐತಿ, ಇಡ್ತೀವಿ" ಅಂತಿದ್ದಳು. ಅಜ್ಜ ಕಥೆ ಹೇಳಿದ್ದು ನಾನು ದೊಡ್ಡವನಾದ ಮೇಲೆ.

ಮರುದಿನ ಬನ್ನಿ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಬನ್ನಿ ಗಿಡದಲ್ಲಿ ಆಯುಧ ಕಟ್ಟಿಟ್ಟರು, ಯಾರೂ ಹತ್ತಿರ ಬರದಿರಲಿ ಅಂತ ಹೆಣವೊಂದನ್ನೂ ಕಟ್ಟಿದರು. ವರ್ಷದ ಮೇಲೆ ಉತ್ತರ ಹತ್ತಿ ಇಳಿಸಿಕೊಟ್ಟ, ಒಂದೂ ಕೆಟ್ಟಿರಲಿಲ್ಲ. ಕುಮಾರವ್ಯಾಸ ಇದನ್ನೆಲ್ಲ ಬರೆದದ್ದು ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು. ಬನ್ನಿ ಎಲೆ ಕೈಗೆ ಕೊಡುವಾಗೆಲ್ಲ ಅಜ್ಜ ಒಂದು ಮಾತು ಸೇರಿಸ್ತಿದ್ದ: "ಅವ್ರ ಗಿಡದಾಗ ಇಟ್ರು, ನಮ್ಮವ್ರು ಹಗೇವಿನ್ಯಾಗ ಇಟ್ರು. ಶಾಣ್ಯಾರು ಯಾರು ಹೇಳು?" ಅಂತ ಹೇಳಿ ಗಹಗಹಿಸಿ ನಗ್ತಿದ್ದ.

ಪುಣೆಯಿಂದ ಬಂದವನು ಮುಂದಿನ ಶನಿವಾರವೇ ಶಿರಹಟ್ಟಿಗೆ ಹೋದೆ. ಅಜ್ಜನ ಚಾಕು ಮಾಡಿದ ಕಂಬಾರ ತೀರಿಕೊಂಡಿದ್ದಾನೆ, ಮಗ ಕುಲುಮೆ ನಡೆಸ್ತಾನೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ. ಅಂಥದ್ದೇ ಒಂದು ಮಾಡಿಕೊಡ್ತೀರಾ ಅಂದೆ.

"ಮಾಡೂಣಂತ್ರೀ. ಅಲಗು ಎಷ್ಟು ಉದ್ದ ಇತ್ರೀ?"

ಬೆರಳು ಅಗಲಿಸಿ ತೋರಿಸಿದೆ. ಆಮೇಲೆ ಸ್ವಲ್ಪ ಕಡಿಮೆ ಮಾಡಿದೆ. ಮತ್ತೆ ಹೆಚ್ಚು ಮಾಡಿದೆ. ಹಿಡಿಕೆಯ ಮೊಳೆ ಎರಡೋ ಮೂರೋ? ಹಿತ್ತಾಳೆಯದು ಅನ್ನೋದು ಗೊತ್ತು. ಉಗುರು ಸಿಕ್ಕಿಸಿ ತೆರೆಯೋ ಗೀರು ಎಡಕ್ಕಿತ್ತೋ ಬಲಕ್ಕಿತ್ತೋ? ಹತ್ತು ವರ್ಷ ನನ್ನ ಚೀಲದಲ್ಲಿದ್ದ ಚಾಕು ಅದು. ಫೋನಿನಲ್ಲಿ ಸಾವಿರಾರು ಫೋಟೋ ಇವೆ, ತಿಂದ ದೋಸೆಯದೂ ಇದೆ, ಅದರದು ಒಂದೂ ಇಲ್ಲ. ಕಂಬಾರ ಪಾಪ ಇಕ್ಕಳ ಹಿಡಿದು ಕಾಯ್ತಾ ನಿಂತಿದ್ದ. ನೆನಪು ಮಾಡಿಕೊಂಡು ಬರ್ತೀನಿ ಅಂತ ಹೇಳಿ ಬಂದೆ.

ಮೊನ್ನೆ ಆಯಿ ಫೋನ್ ಮಾಡಿದ್ದಳು. ಹಬ್ಬಕ್ಕೆ ರಜೆ ಹಾಕಿದಿಯೋ ಇಲ್ಲೋ, ಬಸ್ಸಿನ ಟಿಕೆಟ್ ಆಯ್ತೋ ಇಲ್ಲೋ ಅಂತೆಲ್ಲ ಕೇಳಿ ಕೊನೆಗೆ, "ತಮ್ಮಾ, ಅಜ್ಜನ ಚಾಕು ನಿನ್ನ ಹಂತ್ಯಾಕ ಐತೆಲ್ಲ, ಪೂಜಿಗೆ ಬೇಕು, ಮರೀದ ತಗೊಂಡು ಬಾ" ಅಂದಳು.

"ಹೂಂ ಆಯಿ, ರೂಮಿನ್ಯಾಗ ಐತಿ" ಅಂದೆ.

ಟಿಕೆಟ್ ಆಗಿದೆ.